ಲಕೋಟೆಯ ಬೆನ್ನು ಓದಿ: ಹಡಗು, ರೈಲು ಹತ್ತಿ ಬಂದ ಹಳೆಯ ಕಾಗದದ ದಾರಿ ಪತ್ತೆಹಚ್ಚುವ ಬಗೆ

ಅಟ್ಟದ ಟ್ರಂಕಿನಲ್ಲಿ ಸೀಮೆಯಿಂದ, ಅಂದರೆ ಇಂಗ್ಲೆಂಡಿನ ಕಡೆಯಿಂದ, ಬಂದ ಹಳೆಯ ಲಕೋಟೆ ಸಿಕ್ಕಿದರೆ ಎಲ್ಲರ ಕಣ್ಣು ಮೊದಲು ಹೋಗುವುದು ಸ್ಟಾಂಪಿನ ಮೇಲೆ. ರಾಣಿಯ ತಲೆಯೋ ರಾಜನ ತಲೆಯೋ, ಈಗ ಎಷ್ಟು ಬೆಲೆ ಬಾಳೀತು ಎಂಬುದೇ ಮಾತು. ನಾನೂ ಬಹಳ ವರ್ಷ ಹಾಗೇ ಮಾಡಿದವನು. ಲಕೋಟೆಯನ್ನು ತಿರುಗಿಸಿ ಹಿಂದೆ ಬಿದ್ದಿರುವ ಮಸುಕು ಠಸ್ಸೆಗಳನ್ನು, ಅಂದರೆ ಅಂಚೆಯ ಮುದ್ರೆಗಳನ್ನು, ಓದುವ ಚಟ ಹತ್ತಿದ ಮೇಲೆ ಸ್ಟಾಂಪಿನ ಹುಚ್ಚು ಇಳಿಯಿತು. ಆ ಕಾಗದ ಯಾವ ರೈಲು ಹತ್ತಿತು, ಎಲ್ಲಿ ಹಡಗಿಗೆ ದಾಟಿತು, ಎಲ್ಲಿ ಸುಮ್ಮನೆ ಕಾಯುತ್ತಾ ಬಿದ್ದಿತ್ತು ಎಂಬುದೆಲ್ಲ ಆ ಬೆನ್ನಿನ ಮೇಲೇ ಇರುತ್ತದೆ. ಬಹಳ ಕಾಗದಗಳ ಮಟ್ಟಿಗೆ ಪ್ರಯಾಣಕ್ಕಿಂತ ಈ ಕಾಯುವಿಕೆಯ ಕತೆಯೇ ಸ್ವಾರಸ್ಯ.

ಇಲ್ಲಿ ಹೇಳುವುದು ಮುಖ್ಯವಾಗಿ ಭಾರತಕ್ಕೂ ಇಂಗ್ಲೆಂಡಿಗೂ ನಡುವೆ, ಉಗಿಹಡಗು ಬಂದಲ್ಲಿಂದ ವಿಮಾನ ಬರುವವರೆಗೆ ಓಡಾಡಿದ ಕಾಗದಗಳ ಬಗ್ಗೆ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದೂ ಅವೇ.

ಕೈಗೆ ತೆಗೆದುಕೊಳ್ಳುವ ಮೊದಲು

ಸ್ಟಾಂಪು ಕೀಳಬೇಡಿ. ನೀರಿನಲ್ಲಿ ನೆನೆಸಬೇಡಿ. ಕಾಗದವನ್ನೂ ಲಕೋಟೆಯನ್ನೂ ಬೇರೆ ಬೇರೆ ಡಬ್ಬಿಗೆ ಹಾಕಬೇಡಿ. ಸ್ಟಾಂಪಿನ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬಿದ್ದಿರುವ ಠಸ್ಸೆ ಇರುತ್ತದಲ್ಲ, ಸ್ಟಾಂಪು ಕಿತ್ತ ಕ್ಷಣಕ್ಕೆ ಅದು ಎರಡೂ ಕಡೆ ಸತ್ತ ಹಾಗೆ.

ಮೊಬೈಲಿನ ಟಾರ್ಚನ್ನು ಲಕೋಟೆಯ ಅಂಚಿನಿಂದ ಓರೆಯಾಗಿ ಬಿಟ್ಟು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಎದ್ದು ಬರುತ್ತವೆ. ಫೋಟೊ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿದರೆ ಇನ್ನೂ ಒಂದೆರಡು ಸಿಕ್ಕಾವು. ಭೂತಗನ್ನಡಿ ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ಠಸ್ಸೆಗಳನ್ನು ತಾರೀಖಿನ ಸಾಲಿಗೆ ಹಾಕಿ

ಒಂದು ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ: ಊರು, ತಾರೀಖು, ವಾರ. ಮುಂದೆ ಬಿದ್ದ ಠಸ್ಸೆ ಸಾಮಾನ್ಯವಾಗಿ ಕಾಗದ ಹೊರಟ ಊರಿನದು. ಹಿಂದೆ ಬಿದ್ದವು ದಾರಿಯಲ್ಲಿನವು ಮತ್ತು ತಲುಪಿದ ಊರಿನದು. ಅವನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಳ್ಳಿ.

ತಿಂಗಳು ಓದುವಾಗ ಜಾಗ್ರತೆ. ಬ್ರಿಟಿಷ್ ಠಸ್ಸೆಗಳಲ್ಲಿ ತಿಂಗಳಿಗೆ ಎರಡೇ ಅಕ್ಷರ. ಎಂ ಆರ್ ಎಂದರೆ ಮಾರ್ಚ್, ಎಂ ವೈ ಎಂದರೆ ಮೇ, ಜೆ ವೈ ಎಂದರೆ ಜುಲೈ. ಒಮ್ಮೆ ನಾನು ಮಸುಕಾದ ಎಂ ಆರ್ ಅನ್ನು ಎಂ ವೈ ಎಂದು ಓದಿ, ಬರೆಯುವುದಕ್ಕೆ ಒಂದೂವರೆ ತಿಂಗಳು ಮೊದಲೇ ತಲುಪಿಬಿಟ್ಟ ಕಾಗದವೊಂದನ್ನು ಸ್ನೇಹಿತರಿಗೆಲ್ಲ ತೋರಿಸಿಕೊಂಡು ಬಂದಿದ್ದೆ. ಅವರು ಇವತ್ತಿಗೂ ಬಿಟ್ಟಿಲ್ಲ.

ವರ್ಷ ಅಳಿಸಿಹೋಗಿದ್ದರೆ ಆಗ ಸ್ಟಾಂಪನ್ನು ನೋಡಿ. 1898ರ ಡಿಸೆಂಬರ್ 25ರಿಂದ ಸಾಮ್ರಾಜ್ಯದ ಬಹುಪಾಲು ದೇಶಗಳ ನಡುವೆ ಪೆನ್ನಿ ಅಂಚೆ ಜಾರಿಗೆ ಬಂತು. ಅರ್ಧ ಔನ್ಸ್ ಕಾಗದಕ್ಕೆ ಆ ಕಡೆಯಿಂದ 1 ಪೆನ್ನಿ, ಈ ಕಡೆಯಿಂದ 1 ಆಣೆ. ಅದಕ್ಕೆ ಮೊದಲು ಎರಡೂವರೆ ಪೆನ್ನಿ, ಎರಡೂವರೆ ಆಣೆ. ಬಣ್ಣವೂ ಸಾಕ್ಷಿ ಹೇಳುತ್ತದೆ. ಸಾರ್ವತ್ರಿಕ ಅಂಚೆ ಒಕ್ಕೂಟದ ಒಪ್ಪಂದದಂತೆ 1900ರಲ್ಲಿ ಭಾರತದ ಸ್ಟಾಂಪುಗಳ ಬಣ್ಣ ಬದಲಾಯಿತು. ನೇರಳೆ ಮಿಶ್ರಿತ ಕಂದು ಬಣ್ಣದ ಒಂದಾಣೆ ಕೆಂಪಾಯಿತು, ಹಸಿರು ಎರಡೂವರೆ ಆಣೆ ನೀಲಿಯಾಯಿತು. ಹಳೇ ಬಣ್ಣದವು ಖರ್ಚಾಗುವವರೆಗೂ ಜನ ಹಚ್ಚಿಯೇ ಹಚ್ಚಿದರು. ಹಾಗಾಗಿ ಬಣ್ಣ ನೋಡಿ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಹೇಳಬಹುದೇ ಹೊರತು ‘ಇದಕ್ಕಿಂತ ಈಚಿನದಲ್ಲ’ ಎಂದು ಹೇಳಲಾಗದು.

ವಾರ ಹುಡುಕಿ

ಬಹಳ ಜನ ಹಾರಿಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಬೀಗದ ಕೈ ಇರುವುದೇ ಇಲ್ಲಿ. ಮೊಬೈಲಿನ ಕ್ಯಾಲೆಂಡರನ್ನು ನೂರಿಪ್ಪತ್ತು ವರ್ಷ ಹಿಂದಕ್ಕೆ ಸರಿಸಿ, ಪ್ರತಿ ತಾರೀಖಿನ ಮುಂದೆ ವಾರ ಬರೆಯಿರಿ.

ಯಾಕೆಂದರೆ ಸೀಮೆ ಟಪಾಲು ದಿನಾ ಹೊರಡುತ್ತಿರಲಿಲ್ಲ. ವಾರಕ್ಕೊಂದೇ ದಿನ. ಸರ್ಕಾರ ಪಿ ಅಂಡ್ ಓ ಎಂಬ ಬ್ರಿಟಿಷ್ ಹಡಗು ಕಂಪನಿಗೆ ಟಪಾಲು ಹೊರಲು ಪ್ರತಿವರ್ಷ ದೊಡ್ಡ ಮೊತ್ತ ಕೊಡುತ್ತಿತ್ತು. ಇಷ್ಟು ಗಂಟೆಯೊಳಗೆ ಇಲ್ಲಿಂದಿಲ್ಲಿಗೆ ತಲುಪಿಸಬೇಕು, ತಡವಾದರೆ ದಂಡ ಎಂದು ಕರಾರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನಿಂದ ಶುಕ್ರವಾರ ರಾತ್ರಿ ಭಾರತದ ಚೀಲಗಳು ಹೊರಡುತ್ತಿದ್ದವು; ಎರಡು ವಾರ ಕಳೆದು ಶುಕ್ರವಾರದ ಹೊತ್ತಿಗೆ ಮುಂಬೈ. ಮುಂಬೈಯಿಂದ ವಾಪಸು ಹಡಗು ಶನಿವಾರ. ಮುಂಬೈಗೆ ಎಷ್ಟು ದೂರವೋ ಅಷ್ಟು ಮುಂಚೆ ನಿಮ್ಮೂರಿನ ‘ಮೇಲ್ ಡೇ’ ಬರುತ್ತಿತ್ತು. ಕಲ್ಕತ್ತದ ಸಾಹೇಬರು ವಾರದ ನಡುವೆಯೇ ಕಾಗದ ಮುಗಿಸಿ ಅಂಟಿಸಬೇಕಾಗಿತ್ತು.

ಹಾಗಾಗಿ ಹದಿನಾರು ದಿನದಲ್ಲಿ ಬಂದ ಕಾಗದವೂ ಇಪ್ಪತ್ತೆರಡು ದಿನ ಹಿಡಿದ ಕಾಗದವೂ ಅಷ್ಟೇ ವೇಗದ ಹಡಗುಗಳಲ್ಲಿ ಬಂದಿರಬಹುದು. ಎರಡನೆಯದನ್ನು ಶನಿವಾರ ಬೆಳಿಗ್ಗೆ ಡಬ್ಬಿಗೆ ಹಾಕಿದ್ದರು, ಅಷ್ಟೆ. ಆರು ದಿನ ಅದು ಲಂಡನ್ನಿನಲ್ಲೇ ಕೂತಿತ್ತು. ಗಂಟು ಕಟ್ಟಿದ ಮೇಲೆ ಬಂದವರಿಂದ ಹೆಚ್ಚುವರಿ ಶುಲ್ಕ ಪಡೆದು ಕಾಗದ ತೆಗೆದುಕೊಳ್ಳುವ ಏರ್ಪಾಡೂ ಇತ್ತು. ಲಕೋಟೆಯ ಮೇಲೆ ‘ಲೇಟ್ ಫೀ’ ಎಂದು ಕಂಡರೆ ಬರೆದವರು ಕೊನೇ ಗಳಿಗೆಯಲ್ಲಿ ಓಡಿಬಂದವರು. ‘ಟೂ ಲೇಟ್’ ಎಂದಿದ್ದರೆ ಓಡಿದರೂ ಸಿಗಲಿಲ್ಲ ಎಂದು ತಿಳಿಯಿರಿ.

ಮಳೆಗಾಲಕ್ಕೆ ಲೆಕ್ಕ ಬೇರೆ. ಜೂನ್ ಹೊತ್ತಿಗೆ ಅರಬ್ಬೀ ಸಮುದ್ರದಲ್ಲಿ ಹಡಗಿನ ಎದುರಿಗೇ ನೈಋತ್ಯ ಮಾರುತ. ಹೋಗುವಾಗ ಕೆಂಪು ಸಮುದ್ರದ ಬಾಯಿಯ ಬಳಿಯ ಏಡನ್ ಬಂದರು ಮುಟ್ಟಲು ಹೆಚ್ಚು ದಿನ ಬೇಕು. ಆದರೆ ಯುರೋಪಿನ ತುದಿಯ ರೈಲು ಕಾಯುವುದಿಲ್ಲ. ಆದ್ದರಿಂದ ಕರಾರಿನಲ್ಲೇ ಮಳೆಗಾಲಕ್ಕೆ ಹೆಚ್ಚು ಸಮಯ ಕೊಟ್ಟು, ಮುಂಬೈಯಿಂದ ಹೊರಡುವ ದಿನವನ್ನು ಮುಂಚಿತ ಮಾಡುವ ರೂಢಿಯಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲಕೋಟೆಯಲ್ಲಿ ವಾರ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಯಾವ ದಾರಿ?

ವಿಳಾಸದ ಮೇಲ್ಗಡೆಯೋ ಎಡಮೂಲೆಯಲ್ಲೋ ಬರೆದವರ ಕೈಯಲ್ಲೇ ‘ವಯಾ’ ಎಂದು ಒಂದು ಊರಿನ ಹೆಸರು ಇದೆಯೇ ನೋಡಿ. ಹಳೆಯ ಕಾಗದವಾದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು: ಇಂಗ್ಲೆಂಡಿನ ಸೌತಾಂಪ್ಟನ್, ಫ್ರಾನ್ಸಿನ ಮಾರ್ಸೆ, ಇಟಲಿಯ ಬ್ರಿಂಡಿಸಿ.

ಸೌತಾಂಪ್ಟನ್ ದಾರಿ ಅಗ್ಗ, ನಿಧಾನ. ಜಿಬ್ರಾಲ್ಟರ್ ಸುತ್ತಿ ಇಡೀ ದಾರಿ ಸಮುದ್ರದ ಮೇಲೆಯೇ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ. ಮಾರ್ಸೆ ದಾರಿ ದುಬಾರಿ, ಚುರುಕು. ಇಲ್ಲಿ ಒಂದು ಚೆಂದದ ಹೊಂದಾಣಿಕೆ ಇದೆ. ಸೌತಾಂಪ್ಟನ್ ಚೀಲ ಹೊರಟು ಕೆಲವು ದಿನ ಕಳೆದ ಮೇಲೆ ಲಂಡನ್ನಿನಿಂದ ಮಾರ್ಸೆ ಚೀಲ ಹೊರಡುತ್ತಿತ್ತು. ಫ್ರಾನ್ಸನ್ನು ರೈಲಿನಲ್ಲಿ ಸೀಳಿಕೊಂಡು ಹೋಗಿ, ಮೆಡಿಟರೇನಿಯನ್ ದಾಟಿ, ಈಜಿಪ್ಟಿನಲ್ಲಿ ಮೊದಲಿನ ಚೀಲವನ್ನು ಹಿಡಿಯುತ್ತಿತ್ತು. ಎರಡೂ ನೆಲದ ಮೇಲೆ ಈಜಿಪ್ಟ್ ದಾಟಿ ಕೆಂಪು ಸಮುದ್ರದ ದಡದ ಸೂಯೆಜ್ ಸೇರುತ್ತಿದ್ದವು. ಸೂಯೆಜ್‌ನಿಂದ ಮುಂದಕ್ಕೆ ಎರಡಕ್ಕೂ ಒಂದೇ ಹಡಗು. ಹೆಚ್ಚಿಗೆ ದುಡ್ಡು ಕೊಟ್ಟವನು ಕೊಂಡದ್ದು ಬೇಗ ತಲುಪುವುದನ್ನಲ್ಲ, ಬರೆಯುವುದಕ್ಕೆ ಸಿಗುವ ಆ ಕೆಲವು ದಿನಗಳನ್ನು. ವ್ಯಾಪಾರಿಗಳಿಗೆ ಆ ದಿನಗಳ ಬೆಲೆ ಗೊತ್ತಿತ್ತು.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯದ ಯುದ್ಧ ಶುರುವಾಗಿ ಫ್ರಾನ್ಸಿನ ರೈಲುದಾರಿ ನೆಚ್ಚುವಂತಿರಲಿಲ್ಲ. ಟಪಾಲು ಇಟಲಿಯ ಹಿಮ್ಮಡಿಯಲ್ಲಿರುವ ಬ್ರಿಂಡಿಸಿಗೆ ತಿರುಗಿತು. ಮರುವರ್ಷ ಆಲ್ಪ್ಸ್ ಕೆಳಗೆ ಮೋಂ ಸೆನಿ ಸುರಂಗ ತೆರೆದ ಮೇಲೆ ಫ್ರಾನ್ಸಿನ ಕ್ಯಾಲೆಯಿಂದ ಬ್ರಿಂಡಿಸಿವರೆಗೆ ರೈಲಿನ ದಾರಿ ಸರಾಗವಾಯಿತು. ಮೊದಲ ಮಹಾಯುದ್ಧದವರೆಗೂ ಅದೇ ರಾಜಮಾರ್ಗ. 1870ರಿಂದ 1914ರ ನಡುವಿನ ಲಕೋಟೆಯ ಮೇಲೆ ಯಾವ ದಾರಿಯೂ ಬರೆದಿಲ್ಲವಾದರೆ ಬ್ರಿಂಡಿಸಿ ಎಂದೇ ಹಿಡಿದು ಲೆಕ್ಕ ಶುರುಮಾಡಿ. ಯುದ್ಧದ ನಂತರ ಮತ್ತೆ ಮಾರ್ಸೆ.

ನಡುವೆ ಈಜಿಪ್ಟ್. ಇಲ್ಲಿ ಬಹಳ ಜನ ಎಡವುತ್ತಾರೆ. ಸೂಯೆಜ್ ಕಾಲುವೆ 1869ರ ನವೆಂಬರ್ 17ಕ್ಕೆ ತೆರೆಯಿತು, ಆದ್ದರಿಂದ ಅಲ್ಲಿಂದಾಚೆ ಕಾಗದಗಳೆಲ್ಲ ಕಾಲುವೆಯಲ್ಲಿ ಬಂದವು ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಅಲೆಕ್ಸಾಂಡ್ರಿಯಾದಿಂದ ಕೈರೋಗೆ 1856ರಲ್ಲೇ ರೈಲು ಬಂದಿತ್ತು, 1858ಕ್ಕೆ ಅದು ಸೂಯೆಜ್ ಮುಟ್ಟಿತ್ತು. ಕಾಲುವೆಯಲ್ಲಿ ಹಡಗು ಹಗಲು ಮಾತ್ರ ಸಾಗಬೇಕು, ಕತ್ತಲಾದರೆ ಲಂಗರು. ರೈಲು ರಾತ್ರಿಯೂ ಓಡುತ್ತದೆ. ಹಾಗಾಗಿ ಕಾಲುವೆ ತೆರೆದ ಮೇಲೂ ಸುಮಾರು ಎರಡು ದಶಕ, ಅಂದರೆ 1888ರವರೆಗೆ, ಅವಸರದ ಟಪಾಲು ಈಜಿಪ್ಟಿನಲ್ಲಿ ಹಡಗಿನಿಂದಿಳಿದು ರೈಲು ಹತ್ತುತ್ತಲೇ ಇತ್ತು. 1887ರಲ್ಲಿ ಹಡಗಿನ ಮೂತಿಗೆ ವಿದ್ಯುತ್ ದೀಪ ಕಟ್ಟಿಕೊಂಡು ರಾತ್ರಿ ಸಾಗಲು ಅನುಮತಿ ಸಿಕ್ಕಮೇಲೆ ರೈಲಿನ ಆ ಮೇಲುಗೈ ತಪ್ಪಿತು.

ರೈಲಿಗೂ ಮುಂಚಿನ ಕಾಗದ ನಿಮ್ಮ ಕೈಗೆ ಸಿಕ್ಕಿದರೆ ನೀವು ಪುಣ್ಯವಂತರು. ಆಗ ಅಲೆಕ್ಸಾಂಡ್ರಿಯಾದಿಂದ ಕಾಲುವೆ ದೋಣಿ, ನೈಲ್ ನದಿಯ ಮೇಲೆ ಕೈರೋವರೆಗೆ, ಅಲ್ಲಿಂದ ಸೂಯೆಜ್‌ಗೆ ನೂರಮೂವತ್ತು ಕಿಲೋಮೀಟರಿನಷ್ಟು ಮರಳುಗಾಡು. ಟಪಾಲು ಪೆಟ್ಟಿಗೆಗಳನ್ನು ಒಂಟೆ ಹೊರುತ್ತಿತ್ತು. ಥಾಮಸ್ ವ್ಯಾಗ್‌ಹಾರ್ನ್ ಎಂಬಾತ ಹಟ ಹಿಡಿದು ಈ ದಾರಿಯನ್ನು ನಡೆಸಿ ತೋರಿಸಿದವನು. ಮುಂಬೈಯಿಂದ ಸೂಯೆಜ್‌ಗೆ ಮೊದಲು ಹೊರಟ ಉಗಿಹಡಗು ‘ಹ್ಯೂ ಲಿಂಡ್ಸೆ’, 1830ರ ಮಾರ್ಚ್ 20ರಂದು. ಸೂಯೆಜ್ ಮುಟ್ಟಿದಾಗ ಏಪ್ರಿಲ್ 22. ಅಷ್ಟು ದಿನ ಹಿಡಿದದ್ದು ಬರೀ ಸಮುದ್ರದಿಂದಲ್ಲ, ಏಡನ್ ಮೊದಲಾದೆಡೆ ನಿಂತು ಕಲ್ಲಿದ್ದಲು ತುಂಬಿಕೊಳ್ಳುತ್ತಾ ಹೋಗಬೇಕಾದ್ದರಿಂದ. ಅಂಥ ಹಳೆಯ ಕಾಗದದಲ್ಲಿ ಉಳಿಯಿಂದ ಕೊರೆದಂಥ ಒಂದೆರಡು ಸಣ್ಣ ಸೀಳು ಕಂಡರೆ ಹುಳು ತಿಂದದ್ದೆಂದು ಅಂಟಿಸಲು ಹೋಗಬೇಡಿ. ಪ್ಲೇಗು, ಕಾಲರಾ ಭಯಕ್ಕೆ ಮಾಲ್ಟಾದಂಥ ಬಂದರುಗಳಲ್ಲಿ ಕಾಗದವನ್ನು ಸೀಳಿ ಹೊಗೆ ಹಾಕುತ್ತಿದ್ದರು.

ಸಮುದ್ರದ ಮೇಲಿನ ಅಂಚೆ ಕಚೇರಿ

ಬೆನ್ನಿನ ಮೇಲೆ ‘ಸೀ ಪೋಸ್ಟ್ ಆಫೀಸ್’ ಎಂಬ ಠಸ್ಸೆ ಸಿಕ್ಕಿದರೆ ಅದು ಯಾವ ಊರಿನದೂ ಅಲ್ಲ, ಹಡಗಿನೊಳಗಿನದು. 1868ರಿಂದ 1914ರವರೆಗೆ ಮುಂಬೈ ಹಡಗುಗಳಲ್ಲಿ ಭಾರತೀಯ ಅಂಚೆಯ ಗುಮಾಸ್ತರು ಕೂತು ಕಾಗದ ವಿಂಗಡಿಸುತ್ತಿದ್ದರು. ಮೊದಮೊದಲು ಸೂಯೆಜ್‌ವರೆಗೆ, ಆಮೇಲೆ ಏಡನ್‌ವರೆಗೆ. ಉದ್ದೇಶ ಸರಳ. ಹಡಗು ಮುಂಬೈ ಮುಟ್ಟುವ ಹೊತ್ತಿಗೆ ಮದ್ರಾಸಿನ ಚೀಲ, ಕಲ್ಕತ್ತದ ಚೀಲ, ಪಂಜಾಬಿನ ಚೀಲ ಕಟ್ಟಿ ಸಿದ್ಧವಿರಬೇಕು. ಇಳಿಸಿ ನೇರ ರೈಲಿಗೆ ಎಸೆಯಬೇಕು. ಉಯ್ಯಾಲೆಯಾಡುವ ಹಡಗಿನ ತಳದಲ್ಲಿ, ಸೆಕೆಯಲ್ಲಿ, ವಾಂತಿ ತಡೆದುಕೊಂಡು ಸಾವಿರಾರು ವಿಳಾಸ ಓದುವ ಆ ಕೆಲಸವನ್ನು ನೆನೆಸಿಕೊಂಡರೆ ಓರೆಯಾಗಿ ಬಿದ್ದ ಠಸ್ಸೆಯ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

1898ರಿಂದ ಈಚಿನ ಲಕೋಟೆಯಾದರೆ ಇನ್ನೊಂದು ಕೊಂಡಿ ಸೇರಿಸಿಕೊಳ್ಳಿ. ಬ್ರಿಂಡಿಸಿಯಿಂದ ಸೂಯೆಜ್ ಕಾಲುವೆಯ ಬಾಯಲ್ಲಿರುವ ಪೋರ್ಟ್ ಸೈದ್‌ವರೆಗೆ ‘ಐಸಿಸ್’, ‘ಒಸೈರಿಸ್’ ಎಂಬ ಎರಡು ಸಣ್ಣ, ಬಲು ಚುರುಕು ಹಡಗುಗಳು ಟಪಾಲಿಗೆಂದೇ ಓಡುತ್ತಿದ್ದವು. ದೊಡ್ಡ ಹಡಗು ಎಷ್ಟೋ ದಿನ ಮುಂಚೆಯೇ ಲಂಡನ್ ಬಿಟ್ಟು ನಿಧಾನವಾಗಿ ಪೋರ್ಟ್ ಸೈದ್‌ಗೆ ಬಂದಿರುತ್ತಿತ್ತು. ಶುಕ್ರವಾರದ ರೈಲು ಹತ್ತಿದ ಕಾಗದ ಭಾನುವಾರ ಬ್ರಿಂಡಿಸಿ, ಅಲ್ಲಿಂದ ಈ ಸಣ್ಣ ಹಡಗಿನಲ್ಲಿ ಬಂದು ದೊಡ್ಡದನ್ನು ಏರುತ್ತಿತ್ತು. ಹಣವಿದ್ದ ಪ್ರಯಾಣಿಕರೂ ಹಾಗೇ ಮಾಡುತ್ತಿದ್ದರು.

ನಮ್ಮ ಕಡೆಯ ತುದಿ

ಕಾಗದದ ಈಚೆಯ ತುದಿ ಬೆಂಗಳೂರಾದರೆ ಹಿಂದೆ ಮದ್ರಾಸಿನ ಠಸ್ಸೆ ಇದೆಯೋ ಮುಂಬೈಯದೋ ನೋಡಿ. ಬೆಂಗಳೂರಿಗೆ ಜೋಲಾರ್‌ಪೇಟೆಯಿಂದ ರೈಲು ಬಂದದ್ದು 1864ರಲ್ಲಿ. ಮದ್ರಾಸು ಮತ್ತು ಮುಂಬೈಯ ರೈಲು ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಅದಕ್ಕೂ ಮೊದಲು ಕಲ್ಕತ್ತದಿಂದ ಮದ್ರಾಸು, ಸಿಂಹಳದ ಗಾಲ್ ಮುಟ್ಟಿಕೊಂಡು ಸೂಯೆಜ್‌ಗೆ ಹೋಗುವ ಹಡಗೂ ಇತ್ತು. ಹಾಗಾಗಿ ಮದ್ರಾಸಿನ ಠಸ್ಸೆ ಕಂಡರೆ ದಾರಿ ತಪ್ಪಿದ ಕಾಗದ ಎಂದುಕೊಳ್ಳಬೇಡಿ.

ಮೈಸೂರು ಸಂಸ್ಥಾನದ ಒಳಗಿನ ಊರಾಗಿದ್ದರೆ ಇನ್ನೊಂದು ಸಂಗತಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋದದ್ದು 1889ರಲ್ಲಿ. ಅದಕ್ಕೆ ಮುಂಚಿನ ಲಕೋಟೆಯ ಮೇಲೆ ಸಂಸ್ಥಾನದ ಅಂಚೆಯ ಗುರುತು ಸಿಕ್ಕೀತು, ಹುಡುಕಿ.

ಮಂಗಳೂರಿನ ಕಾಗದಗಳದ್ದು ಬೇರೆಯೇ ಹಾಡು. ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿ ನೆಲೆಯೂರಿದಾಗಿನಿಂದ ಮಂಗಳೂರಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೂ ಕಾಗದ ಹರಿದಾಡಿದೆ. ಬಾಸೆಲ್‌ನ ಮಿಷನ್ ಭಂಡಾರದಲ್ಲಿ ಅವು ಇವತ್ತಿಗೂ ಇವೆ. ಆದರೆ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮಳೆಗಾಲದಲ್ಲಿ ಅಳಿವೆ ಮುಚ್ಚಿ ಕರಾವಳಿಯ ಆಗಬೋಟುಗಳೂ ನಿಲ್ಲುತ್ತಿದ್ದವು. ಯುರೋಪಿನಿಂದ ಮುಂಬೈವರೆಗೆ ಗಡಿಯಾರದ ಹಾಗೆ ಬಂದ ಕಾಗದ ಕೊನೆಯ ಕೆಲವು ನೂರು ಮೈಲಿಗೆ ಕೆಸರುದಾರಿಯ ಓಟಗಾರನ ಬೆನ್ನೇರಬೇಕು. ನಿಮ್ಮ ಪಟ್ಟಿಯಲ್ಲಿ ಕೊನೆಯ ಎರಡು ಠಸ್ಸೆಗಳ ನಡುವೆ ದೊಡ್ಡ ಅಂತರ ಬಂದರೆ ಇದನ್ನು ಮೊದಲು ಯೋಚಿಸಿ.

ಗಂಟೆ ತೋರಿಸುವ ಠಸ್ಸೆ ಇದ್ದರೆ ಮಾತ್ರ ಉಪಯೋಗಕ್ಕೆ ಬರುವ ಮಾತೊಂದು: 1906ಕ್ಕೆ ಮೊದಲು ರೈಲಿನವರ ಗಡಿಯಾರ ಮದ್ರಾಸ್ ಸಮಯದ್ದು, ಮುಂಬೈ ಊರಿನದು ಅದಕ್ಕಿಂತ ಅರ್ಧ ಗಂಟೆ ಹಿಂದೆ. ಊರಿನ ಗಂಟೆ ನಂಬಿ ಸ್ಟೇಷನ್ನಿಗೆ ಓಡಿದವರ ಪಾಡು ನೀವೇ ಊಹಿಸಿ.

ಒಂದು ಲಕೋಟೆ, ಹದಿನಾರು ದಿನ

ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ನಡುವೆ ಸಿಕ್ಕ ನನ್ನ ಲಕೋಟೆಯೊಂದನ್ನೇ ತೆಗೆದುಕೊಳ್ಳೋಣ. ಅಂಗೈಯಗಲ, ಮಾಸಿದ ಕೆನೆಬಣ್ಣ, ಎಡಮೂಲೆ ಇಲಿ ಕಡಿದಿದೆ. ಎಡ್ವರ್ಡ್ ದೊರೆಯ ಒಂದು ಪೆನ್ನಿ ಕೆಂಪು ಸ್ಟಾಂಪು. ಮುಂದೆ ಲಂಡನ್, 1905ರ ಮಾರ್ಚ್ 3. ವಿಳಾಸ ಬೆಂಗಳೂರು ದಂಡು. ಬೆನ್ನಿನ ಮೇಲೆ ಎರಡೇ ಠಸ್ಸೆ. ಒಂದು ಓರೆ ಬೆಳಕಿಗೆ ಮಾತ್ರ ಕಾಣುವ ಸೀ ಪೋಸ್ಟ್ ಆಫೀಸ್, ಮಾರ್ಚ್ 17. ಇನ್ನೊಂದು ಬೆಂಗಳೂರಿನದು, ಮಾರ್ಚ್ 19, ಲಕೋಟೆಯ ಮಡಿಕೆಯ ಮೇಲೆ ಅರ್ಧ ಬಿದ್ದಿದೆ.

ಕ್ಯಾಲೆಂಡರ್ ತೆಗೆದೆ. ಮಾರ್ಚ್ 3 ಶುಕ್ರವಾರ. ಅಂದರೆ ಬರೆದವರು ಟಪಾಲು ಹೊರಡುವ ದಿನವೇ ಹಾಕಿದ್ದಾರೆ, ಲಂಡನ್ನಿನಲ್ಲಿ ಕಾಯಲೇ ಇಲ್ಲ. 5ನೇ ತಾರೀಖು ಭಾನುವಾರ ಬ್ರಿಂಡಿಸಿ. ಆ ವಾರದ ನಡುವೆ ಪೋರ್ಟ್ ಸೈದ್, ಕಾಲುವೆ, ಕೆಂಪು ಸಮುದ್ರ. ಏಡನ್ ದಾಟಿದ ಮೇಲೆ ಗುಮಾಸ್ತರ ಕೈಗೆ. 17 ಶುಕ್ರವಾರ ಮುಂಬೈ. ಮುಂಬೈ ಊರಿನ ಠಸ್ಸೆ ಯಾಕಿಲ್ಲ? ಬೆಂಗಳೂರಿನ ಚೀಲ ಹಡಗಿನಲ್ಲೇ ಕಟ್ಟಿಯಾಗಿತ್ತು. ಮುಂಬೈಯಲ್ಲಿ ಬಿಚ್ಚುವ ಕೆಲಸವೇ ಇರಲಿಲ್ಲ. ಇಲ್ಲದ ಠಸ್ಸೆಯೂ ಹೀಗೆ ಮಾತಾಡುತ್ತದೆ. 19 ಭಾನುವಾರ ಬೆಂಗಳೂರು.

ಇನ್ನು ಉತ್ತರದ ಲೆಕ್ಕ ಹಾಕಿ ನೋಡಿ, ಮಜವಾಗಿರುತ್ತದೆ. ಮುಂದಿನ ಹಡಗು ಮುಂಬೈ ಬಿಡುವುದು 25 ಶನಿವಾರ. ಅದಕ್ಕೆ ಸಿಗಬೇಕಾದರೆ ಬೆಂಗಳೂರಿನಿಂದ ಗುರುವಾರವೇ ಹೊರಡಬೇಕು. ನಾಲ್ಕು ದಿನದೊಳಗೆ ಬರೆದರೆ ಉತ್ತರ ಲಂಡನ್ ಮುಟ್ಟುವುದು ಏಪ್ರಿಲ್ 8ರ ಸುಮಾರಿಗೆ. ಮಾರ್ಚ್ 3ಕ್ಕೆ ‘ಮಗುವಿಗೆ ಜ್ವರ ಬಿಟ್ಟಿತೇ’ ಎಂದು ಕೇಳಿದವರಿಗೆ ಐದು ವಾರ ಬಿಟ್ಟು ಉತ್ತರ.

ಲೆಕ್ಕ ಹೊಂದದಿದ್ದಾಗ

ಹಡಗಿನ ಹೆಸರು ಬೇಕೆಂದರೆ ಆ ವಾರದ ಪತ್ರಿಕೆ ತೆರೆಯಿರಿ. ಮುಂಬೈ, ಲಂಡನ್ನಿನ ಪತ್ರಿಕೆಗಳು ಹಡಗುಗಳು ಬಂದು ಹೋದದ್ದನ್ನು ತಪ್ಪದೆ ಅಚ್ಚು ಹಾಕುತ್ತಿದ್ದವು. 1870ರಲ್ಲಿ ಸಮುದ್ರದಡಿಯ ತಂತಿ ಮುಂಬೈ ಮುಟ್ಟಿದ ಮೇಲೆ, ಹಡಗು ಏಡನ್ ಬಿಟ್ಟ ಸುದ್ದಿ ಹಡಗಿಗಿಂತ ಎಷ್ಟೋ ದಿನ ಮುಂಚೆ ಬರುತ್ತಿತ್ತು. ಹಳೇ ಪತ್ರಿಕೆಗಳ ಡಿಜಿಟಲ್ ಸಂಗ್ರಹಗಳಲ್ಲಿ ತಾರೀಖು ಹಾಕಿ ಹುಡುಕಿದರೆ ಸಿಗುತ್ತದೆ. ಒಂದು ಸಂಜೆ ಅದಕ್ಕೆಂದೇ ಇಟ್ಟುಕೊಳ್ಳಿ.

ಕೆಲವು ಚೀಲಗಳು ತಲುಪಲೇ ಇಲ್ಲ, ಇಲ್ಲವೇ ನೆನೆದು ತಲುಪಿದವು. ಸ್ಟಾಂಪು ತೇಲಿಹೋಗಿ, ಶಾಯಿ ಹರಡಿ, ಮೇಲೆ ಸಮುದ್ರದ ನೀರಿನಿಂದ ಹಾಳಾದದ್ದು ಎಂಬ ಅಂಚೆಯ ಮೊಹರಿದ್ದರೆ ಆ ತಾರೀಖಿನ ಹಡಗೊಡೆತ ಹುಡುಕಿ. ಸೂಯೆಜ್‌ನಿಂದ ಟಪಾಲು, ನಾಣ್ಯ ಹೊತ್ತು ಮುಂಬೈಗೆ ಹೊರಟಿದ್ದ ‘ಕರ್ನಾಟಿಕ್’ ಎಂಬ ಹಡಗು 1869ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಕೆಂಪು ಸಮುದ್ರದ ಅಬು ನುಹಾಸ್ ಹವಳದ ದಿಬ್ಬಕ್ಕೆ ಬಡಿಯಿತು. ನಮ್ಮ ನಾಡಿನ ಹೆಸರಿನ ಹಡಗು ಕಾಲುವೆ ತೆರೆಯುವುದಕ್ಕೆ ಎರಡು ತಿಂಗಳಿರುವಾಗ ಮುಳುಗಿತು. 1915ರ ಡಿಸೆಂಬರ್ 30ರಂದು ಮುಂಬೈಗೆ ಬರುತ್ತಿದ್ದ ‘ಪರ್ಷಿಯಾ’ ಕ್ರೀಟ್ ದ್ವೀಪದ ಬಳಿ ಟಾರ್ಪೆಡೊ ತಿಂದು ಕೆಲವೇ ನಿಮಿಷದಲ್ಲಿ ಅಡಿಗೆ ಹೋಯಿತು. ಆ ಡಿಸೆಂಬರಿನಲ್ಲಿ ಸೀಮೆಯಿಂದ ಬರಬೇಕಿದ್ದ ಒಂದು ವಾರದ ಕಾಗದಗಳು ನಿಮ್ಮ ಮನೆಯ ಕಟ್ಟಿನಲ್ಲಿ ಕಾಣದಿದ್ದರೆ ಕಾರಣ ಅದೂ ಇರಬಹುದು.

1929ರ ಮಾರ್ಚ್ 30ರಿಂದ ಲಂಡನ್ನಿಗೂ ಕರಾಚಿಗೂ ವಿಮಾನದ ಟಪಾಲು ಶುರುವಾಯಿತು. 1932ರ ಅಕ್ಟೋಬರ್ 15ರಂದು ಟಾಟಾರ ಪುಟ್ಟ ವಿಮಾನ ಆ ಚೀಲಗಳನ್ನು ಕರಾಚಿಯಿಂದ ಮುಂಬೈಗೆ ತಂದಿತು, ಅಲ್ಲಿಂದ ಮುಂದೆ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ. ಆದರೂ ವಿಮಾನಕ್ಕೆ ಹೆಚ್ಚು ದುಡ್ಡು ಕೊಡದವರ ಕಾಗದ ಹಡಗಿನಲ್ಲೇ ಬರುತ್ತಿತ್ತು. ಆ ಕಾಲದ ಲಕೋಟೆಯಾದರೆ ನೀಲಿ ಏರ್‌ಮೇಲ್ ಚೀಟಿ ಇದೆಯೋ, ಅಂಟಿಸಿ ಉದುರಿದ ಗೋಂದಿನ ಕಲೆ ಇದೆಯೋ ನೋಡಿ. ಎರಡೂ ಇಲ್ಲದಿದ್ದರೆ ವಾರದ ಕಾಲಮಿಗೇ ವಾಪಸಾಗಿ, ಹಡಗಿನ ಲೆಕ್ಕ ಹಾಕಿ.